ಸ್ಪಷ್ಟನೆ: ಜೋಕಾಲಿ ತಿರುಗಿಸಿದರೆ ಆಟಿಸಂ ವಾಸಿಯಾಗುವುದಿಲ್ಲ

‘ಸೆನ್ಸರಿ ಪಾರ್ಕಿನ ಜೋಕಾಲಿಯಲ್ಲಿ ಮಗುವನ್ನು ದಿನಾ ಅರ್ಧ ಗಂಟೆ ಗಿರಗಿರ ತಿರುಗಿಸಿ, ಆಟಿಸಂ ವಾಸಿಯಾಗಿ ಮಾತು ಬರುತ್ತದೆ’ ಎಂಬ ಸಂದೇಶ ರಾಯಚೂರಿನ ಪಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು. ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಅದನ್ನು ವಾಸಿಮಾಡುವ ಜೋಕಾಲಿ ಎಲ್ಲೂ ಇಲ್ಲ. ಸೆನ್ಸರಿ ಪಾರ್ಕ್ ಎಂದರೆ ಸ್ಪರ್ಶ, ಸದ್ದು, ಚಲನೆಯ ಅನುಭವ ಕೊಡುವ ಆಟದ ಜಾಗ; ಅದು ಇರುವುದು ಆಡಲಿಕ್ಕೆ.

ಅರ್ಧ ಗಂಟೆ ತಿರುಗಿಸುವುದಂತೂ ಅಪಾಯ. ಕೆಲವು ಮಕ್ಕಳಿಗೆ ತಲೆಸುತ್ತು, ವಾಂತಿ ತಡವಾಗಿ ಕಾಣಿಸಿಕೊಳ್ಳುತ್ತದೆ. ಮಗು ನಗುತ್ತಿದೆ ಎಂದು ಇನ್ನೂ ತಿರುಗಿಸಿದರೆ ಮನೆ ಮುಟ್ಟಿದ ಮೇಲೆ ರಂಪ. ಮೊದಲು ಹಿಂದೆ ಮುಂದೆ ಮೆಲ್ಲಗೆ ತೂಗಿ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಮುಖ ನೋಡಿ. ಬಿಳಿಚಿಕೊಂಡಿದ್ದರೆ, ಬೆವತಿದ್ದರೆ ಇಳಿಸಿಬಿಡಿ. ಮೂರ್ಛೆರೋಗ ಇದ್ದರೆ ವೈದ್ಯರನ್ನು ಕೇಳದೆ ತಿರುಗಿಸಲೇಬೇಡಿ.

ಸಂದೇಶ ಬರೆದವರಿಗೆ ನಮ್ಮ ಬಿಸಿಲು ಗೊತ್ತಿಲ್ಲವೇನೋ! ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದಾಗ ತಗಡಿನ ಜಾರುಬಂಡಿ, ಕಪ್ಪು ರಬ್ಬರ್ ನೆಲ ಗಾಳಿಗಿಂತ ಎಷ್ಟೋ ಹೆಚ್ಚು ಕಾದಿರುತ್ತವೆ. ನೋವು ಹೇಳಿಕೊಳ್ಳದ ಮಗು ಚರ್ಮ ಸುಟ್ಟರೂ ಸುಮ್ಮನೆ ಕೂತಿರಬಹುದು. ಮೊದಲು ನಿಮ್ಮ ಅಂಗೈಯ ಹಿಂಬದಿಯನ್ನು ಅವುಗಳ ಮೇಲೆ 5 ಸೆಕೆಂಡ್ ಇಟ್ಟು ನೋಡಿ. ತಡೆಯಲಾಗದಿದ್ದರೆ ಮಗುವಿಗೂ ಬೇಡ.

ಪಾರ್ಕಿನಲ್ಲಿ ನಿಜಕ್ಕೂ ನೋಡಬೇಕಾದ್ದು ಸುತ್ತ ಬೇಲಿ, ಒಂದೇ ಗೇಟು, ನೆರಳು, ಗದ್ದಲವಾದಾಗ ಕೂರಲು ಒಂದು ಶಾಂತ ಮೂಲೆ. ಮಾತಿನ ಸಮಸ್ಯೆಗೆ ಸ್ಪೀಚ್ ಥೆರಪಿಸ್ಟ್ ಬಳಿಯೇ ಹೋಗಬೇಕು.