ತಲೆ ಲೆಕ್ಕದ ಚಾಕ್ಲೆಟ್ಟೂ ಸೈಫೆನ್‌ನ ಮರದ ಹಸುವೂ

ನಮ್ಮ ಜನ ಯುರೋಪಿನಿಂದ ಊರಿಗೆ ಹೊರಟರೆ ಮೊದಲು ಹಾಕುವುದು ತಲೆ ಲೆಕ್ಕ. ಅತ್ತೆ ಮನೆ, ಚಿಕ್ಕಪ್ಪನ ಮನೆ, ಎದುರು ಮನೆ, ಆಫೀಸು, ಮನೆಕೆಲಸದವರು. ಯಾರನ್ನೂ ಬಿಡುವಂತಿಲ್ಲ. ಬಿಟ್ಟರೆ ಮುಂದಿನ ಮದುವೆಯವರೆಗೂ ಚುಚ್ಚುಮಾತು ತಪ್ಪುವುದಿಲ್ಲ. ಹಾಗಾಗಿ ಸೂಪರ್‌ಮಾರ್ಕೆಟ್ಟಿನಲ್ಲಿ ಕೆ.ಜಿ. ಲೆಕ್ಕದಲ್ಲಿ ಚಾಕ್ಲೆಟ್ ತುಂಬಿಕೊಳ್ಳುತ್ತೇವೆ. ಮಿಕ್ಕ ಜಾಗಕ್ಕೆ ಫ್ರಿಜ್ ಮ್ಯಾಗ್ನೆಟ್, ಐಫೆಲ್ ಟವರ್ ಕೀಚೈನ್.

ನಾನಿರುವುದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಇಲ್ಲಿನ ಸಹೋದ್ಯೋಗಿಗಳ ದಾರಿಯೇ ಬೇರೆ. ರಜೆ ಮುಗಿಸಿ ಬಂದರೆ ಆಫೀಸಿನ ಕಾಫಿ ಮೆಷಿನ್ ಪಕ್ಕ ಒಂದು ಡಬ್ಬಿ ಬಿಸ್ಕತ್ತು ಇಡುತ್ತಾರೆ, ಬೇಕಾದವರು ತಿನ್ನಿ ಅಂತ. ಕೊಡುವ ಬಾಬತ್ತು ಅಲ್ಲಿಗೆ ಮುಗಿಯಿತು. ಆದರೆ ತಮ್ಮ ಮನೆಗೆ ಅಂತ ಒಂದೇ ಒಂದು ವಸ್ತು ತರುತ್ತಾರೆ. ಅದನ್ನು ಯಾವ ಊರಿನಲ್ಲಿ, ಯಾರು, ಹೇಗೆ ಮಾಡಿದರು ಅಂತ ಕೇಳಿದರೆ ಅರ್ಧ ಗಂಟೆ ಹೇಳುತ್ತಾರೆ. ಕೊಡುವ ಮನಸ್ಸು ನಮ್ಮದೇ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಕೊಳ್ಳುವ ಕಣ್ಣು ಮಾತ್ರ ಅವರದ್ದು ಚುರುಕು.

ಈ ಕಣ್ಣು ಯಾಕೆ ಬೇಕು ಅಂದರೆ, ಪ್ರವಾಸಿಗರ ಬೀದಿಗಳಲ್ಲಿ ಎಲ್ಲ ಊರಿನ ಅಂಗಡಿಯೂ ಒಂದೇ ಆಗಿಬಿಟ್ಟಿದೆ. ಪ್ರಾಗ್‌ನಲ್ಲಿ ರಷ್ಯಾದ ಮಾತ್ರ್ಯೋಷ್ಕಾ ಗೊಂಬೆ ಸಾಲು ಸಾಲಾಗಿ ಕೂತಿರುತ್ತದೆ. ಆ ಊರಿಗೂ ಅದಕ್ಕೂ ಸಂಬಂಧವೇ ಇಲ್ಲ. ವೆನಿಸ್‌ನಲ್ಲಿ ಕಾಗದದ ಮುದ್ದೆಯಿಂದ ಕೈಯಲ್ಲೇ ಮುಖವಾಡ ಮಾಡುವವರು ಇನ್ನೂ ಇದ್ದಾರೆ, ಆದರೆ ಸೇತುವೆ ಪಕ್ಕದಲ್ಲಿ ಸಿಗುವುದು ಪ್ಲಾಸ್ಟಿಕ್ಕಿನದು. ಕುಕ್ಕೂ ಗಡಿಯಾರವನ್ನು ನಮ್ಮವರು ಸ್ವಿಟ್ಜರ್‌ಲ್ಯಾಂಡಿನಲ್ಲಿ ಹುಡುಕುತ್ತಾರೆ, ಅಂಗಡಿಯವರೂ ಖುಷಿಯಾಗಿ ಮಾರುತ್ತಾರೆ. ಅದರ ತವರು ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್. ಇನ್ನು ನಮ್ಮೆಲ್ಲರ ಮೆಚ್ಚಿನ ಟೊಬ್ಲರೋನ್. ಅದರ ತಯಾರಿಕೆಯ ಒಂದು ಪಾಲು ಸ್ಲೊವಾಕಿಯಾಕ್ಕೆ ಹೊರಟಾಗ, 2023ರಲ್ಲಿ ಡಬ್ಬಿಯ ಮೇಲಿದ್ದ ಮ್ಯಾಟರ್‌ಹಾರ್ನ್ ಬೆಟ್ಟದ ಚಿತ್ರವನ್ನೇ ತೆಗೆಯಬೇಕಾಯಿತು. ಸ್ವಿಸ್ ಗುರುತು ಬಳಸುವುದಕ್ಕೆ ಅಲ್ಲಿನ ಕಾನೂನು ಅಷ್ಟು ಬಿಗಿ.

ನನ್ನ ಕಣ್ಣು ತೆರೆಸಿದ್ದು ಸೈಫೆನ್. ಡ್ರೆಸ್ಡೆನ್‌ನಿಂದ ದಕ್ಷಿಣಕ್ಕೆ, ಚೆಕ್ ಗಡಿಯ ಹತ್ತಿರ, ಎರ್ಟ್ಸ್‌ಗೆಬಿರ್ಗ ಬೆಟ್ಟಸಾಲಿನಲ್ಲಿರುವ ಸಣ್ಣ ಊರು. ಹಿಂದೆ ಅಲ್ಲಿನವರು ಗಣಿಯಲ್ಲಿ ತವರ ತೆಗೆಯುತ್ತಿದ್ದರು. ಗಣಿ ಬಡವಾದಂತೆ ಹೊಟ್ಟೆಪಾಡಿಗೆ ಮರದ ಕೆಲಸ ಹಿಡಿದರು. ಈಗ ಊರಿಗೆ ಊರೇ ಆಟಿಕೆ ಮಾಡುತ್ತದೆ.

ಅಲ್ಲಿ ಲೇತ್ ಮುಂದೆ ನಿಂತು ನೋಡಬೇಕು. ಹಸಿ ಸ್ಪ್ರೂಸ್ ಮರದ ದಪ್ಪ ಬಿಲ್ಲೆಯನ್ನು ತಿರುಗಲು ಬಿಟ್ಟು, ಉಳಿಯಿಂದ ಮೇಲೊಂದು ತಗ್ಗು, ಒಳಗೊಂದು ಗೀರು ಕೊರೆಯುತ್ತಾ ಹೋಗುತ್ತಾರೆ. ಒದ್ದೆ ಮರದ ಸಿಪ್ಪೆ ಎಳೆ ಎಳೆಯಾಗಿ ಮೈಮೇಲೆ ಹಾರುತ್ತದೆ. ಕೊನೆಗೆ ಕೈಗೆ ಬರುವುದು ದಪ್ಪ ಬಳೆಯಂಥ ಒಂದು ಉಂಗುರ. ಇದೇನಪ್ಪ ಅಂದುಕೊಳ್ಳುವಷ್ಟರಲ್ಲಿ ಅದನ್ನು ಕತ್ತಿ ಇಟ್ಟು ಸೀಳುತ್ತಾರೆ. ಸೀಳಿದ ಮುಖದಲ್ಲಿ ಹಸು! ಬೆನ್ನು, ಹೊಟ್ಟೆ, ಕಾಲು, ಮೂತಿ ಎಲ್ಲ ಸರಿಯಾಗಿದೆ. ಒಂದು ಉಂಗುರದಿಂದ ಹತ್ತಾರು ಹಸು. ಕಡೆಯುವಾಗ ಕುಶಲಕರ್ಮಿಗೂ ಹಸು ಕಾಣುವುದಿಲ್ಲ, ಕೈ ಅಳತೆಯ ಮೇಲೇ ನಡೆಯಬೇಕು. ಈ ವಿದ್ಯೆ ಗೊತ್ತಿರುವವರು ಈಗ ಬೆರಳೆಣಿಕೆಯಷ್ಟು ಮಂದಿ ಮಾತ್ರ.

ಅಲ್ಲಿಂದ ಅಮ್ಮನಿಗೆ ಪೈಪ್ ಸೇದುವ ಮರದ ತಾತನನ್ನು ತೆಗೆದುಕೊಂಡು ಹೋಗಿದ್ದೆ. ಹೊಟ್ಟೆಯೊಳಗೆ ಧೂಪದ ಗುಳಿಗೆ ಹಚ್ಚಿಟ್ಟರೆ ಬಾಯಿಂದ ಹೊಗೆ ಬಿಡುತ್ತಾನೆ. ಕ್ರಿಸ್‌ಮಸ್ ಹೊತ್ತಿಗೆ ಇಲ್ಲಿ ಮನೆಮನೆಯಲ್ಲೂ ಇವನಿರುತ್ತಾನೆ. ಅಮ್ಮ ಮೈಸೂರು ಧೂಪ ಹಚ್ಚಿ ನೋಡಿದರು. ಚೆನ್ನಾಗಿಯೇ ಸೇದಿದ. "ಎಲ್ಲ ಸರಿ ಕಣೋ, ಆದರೆ ದೇವರ ಮುಂದೆ ಇವನನ್ನು ಹೇಗೆ ಇಡೋದು?" ಅಂದರು. ಈಗ ಟಿವಿ ಪಕ್ಕ ಇದ್ದಾನೆ.

ಸೈಫೆನ್ ನೋಡಿದ ಕನ್ನಡಿಗನಿಗೆ ಚನ್ನಪಟ್ಟಣ ನೆನಪಾಗದೆ ಇರುತ್ತಾ? ಅಲ್ಲೂ ಲೇತ್, ಅಲ್ಲೂ ಮರ. ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಮರಕ್ಕೆ ಅಂಟುತ್ತದೆ. ಮೇಲೆ ತಾಳೆಗರಿ ಹಿಡಿದರೆ ಹೊಳಪು. ಕೈಚಳಕದಲ್ಲಿ ಇಬ್ಬರಿಗೂ ನಾನು ಹೆಚ್ಚು ಕಡಿಮೆ ಹೇಳುವುದಿಲ್ಲ. ಚೀನಾದ ಅಗ್ಗದ ಮಾಲಿನ ಪೆಟ್ಟೂ ಇಬ್ಬರಿಗೂ ಬಿದ್ದಿದೆ. ವ್ಯತ್ಯಾಸ ಇರುವುದು ಗಿರಾಕಿಯಲ್ಲಿ. ಸೈಫೆನ್‌ನಲ್ಲಿ ಒಂದು ಸಣ್ಣ ಬೊಂಬೆಗೆ ಇಪ್ಪತ್ತು ಮೂವತ್ತು ಯೂರೊ ಅಂದರೂ ನಾವು ಗಪ್‌ಚುಪ್ಪಾಗಿ ಕಾರ್ಡ್ ತೆಗೆಯುತ್ತೇವೆ. ಅದೇ ನಾವು ಚನ್ನಪಟ್ಟಣದಲ್ಲಿ ಇನ್ನೂರು ರೂಪಾಯಿಯ ಬುಗುರಿ ಸೆಟ್ಟಿಗೆ ನೂರೈವತ್ತಕ್ಕೆ ಕೊಡಿ ಅಂತ ಜಗ್ಗಾಡುತ್ತೇವೆ. ಈಗಂತೂ 2023ರಲ್ಲಿ ಶುರುವಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿ ಹೋಗುತ್ತದೆ, ಜಗ್ಗಾಡುವವರೂ ಕಮ್ಮಿಯಾಗಿದ್ದಾರೆ.

ಕಾನೂನಿನ ವಿಷಯದಲ್ಲಿ ಮಾತ್ರ ನಾವೇ ಮುಂದು. ಚನ್ನಪಟ್ಟಣದ ಗೊಂಬೆಗೆ, ಬೀದರಿನ ಬಿದರಿ ಕೆಲಸಕ್ಕೆ ಜಿಐ ಟ್ಯಾಗ್ (ಊರಿನ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಕಾನೂನಿನ ಗುರುತು) ಸಿಕ್ಕು ಸುಮಾರು ಇಪ್ಪತ್ತು ವರ್ಷವಾಯಿತು. ಯುರೋಪಿನಲ್ಲಿ ಚೀಸ್, ವೈನ್‌ಗೆಲ್ಲ ಇಂಥ ರಕ್ಷಣೆ ಹಿಂದಿನಿಂದಲೂ ಇತ್ತು. ಕುಶಲ ವಸ್ತುಗಳಿಗೆ ಇಡೀ ಐರೋಪ್ಯ ಒಕ್ಕೂಟಕ್ಕೆ ಅನ್ವಯಿಸುವಂಥದ್ದು ಜಾರಿಗೆ ಬಂದದ್ದು 2025ರ ಡಿಸೆಂಬರ್ 1ರಿಂದ. ಆದರೂ ಇಲ್ಲಿನ ಗಿರಾಕಿ ಬೊಂಬೆಯನ್ನು ತಿರುಗಿಸಿ 'ಎಖ್ಟ್ ಎರ್ಟ್ಸ್‌ಗೆಬಿರ್ಗ', ಅಂದರೆ 'ಅಸಲಿ ಎರ್ಟ್ಸ್‌ಗೆಬಿರ್ಗ' ಎಂಬ ಮುದ್ರೆ ಇದೆಯಾ ಅಂತ ನೋಡುತ್ತಾನೆ. ನಮ್ಮಲ್ಲಿ ಎಷ್ಟು ಜನ ಜಿಐ ಗುರುತು ಹುಡುಕುತ್ತೇವೆ?

ಹಾಗಾದರೆ ಬೇರೆ ಕಡೆಯಿಂದ ಏನು ತರುವುದು? ಸ್ವೀಡನ್‌ಗೆ ಹೋದರೆ ದಾಲಾ ಕುದುರೆ. ಚಳಿಗಾಲದ ಸಂಜೆ ಮರ ಕಡಿಯುವವರು ಮಕ್ಕಳಿಗೆಂದು ಕೆತ್ತುತ್ತಿದ್ದ ಆಟಿಕೆ. 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಹೆಸರಾಯಿತು. ನುಸ್ನೆಸ್ ಎಂಬ ಹಳ್ಳಿಯಲ್ಲಿ ಈಗಲೂ ಕೈಯಲ್ಲೇ ಬಣ್ಣ ಬಳಿಯುತ್ತಾರೆ. ಹಾಲೆಂಡಿನ ಡೆಲ್ಫ್ಟ್ ನೀಲಿ ಪಿಂಗಾಣಿ ಚೆಂದ, ಅದರ ಕಥೆ ಇನ್ನೂ ಚೆಂದ. 17ನೇ ಶತಮಾನದಲ್ಲಿ ಚೀನಾದ ಪಿಂಗಾಣಿ ಬರುವುದು ಕಡಿಮೆಯಾದಾಗ ಡೆಲ್ಫ್ಟ್‌ನವರು ಅದನ್ನು ನಕಲು ಮಾಡಿ ಬೆಳೆದರು. ಈಗ ಡೆಲ್ಫ್ಟ್‌ನ ನಕಲು ಚೀನಾದಿಂದ ಬರುತ್ತದೆ! 1653ರಲ್ಲಿ ಶುರುವಾದ ಒಂದು ಕಾರ್ಖಾನೆ ಇನ್ನೂ ನಡೆಯುತ್ತಿದೆ, ಅಲ್ಲಿನದು ದುಬಾರಿ.

ನನ್ನನ್ನು ಕೇಳಿದರೆ ಪೋಲೆಂಡಿನ ಬೊಲೆಸ್ವಾವಿಯೆಟ್ಸ್ ಊರಿನ ಪಾತ್ರೆಗಳಿಗೇ ಮೊದಲ ಮಣೆ. ನೀಲಿ ಬಣ್ಣದ ನವಿಲುಗಣ್ಣನ್ನು ಸ್ಪಂಜಿನ ಅಚ್ಚಿನಿಂದ ಒಂದೊಂದಾಗಿ ಒತ್ತಿರುತ್ತಾರೆ. ಓವನ್ನಿಗೂ ಆಗುತ್ತದೆ. ಮೊಸರಿಗೆ, ಉಪ್ಪಿನಕಾಯಿಗೆ ಹೇಳಿ ಮಾಡಿಸಿದ ಹಾಗಿದೆ. ಶೋಕೇಸಿನಲ್ಲಿ ಧೂಳು ಹಿಡಿಯುವುದಕ್ಕಿಂತ ದಿನಾ ಕೈಗೆ ಸಿಗುವುದು ಮೇಲು ಅಲ್ವಾ?

ಪೋರ್ಚುಗಲ್‌ನಲ್ಲಿ ಮಾತ್ರ ಸ್ವಲ್ಪ ಹುಷಾರು. ಲಿಸ್ಬನ್‌ನ ಸಂತೆಯಲ್ಲಿ ಹಳೇ ಅಜುಲೇಜು, ಅಂದರೆ ಚಿತ್ರ ಬರೆದ ಗೋಡೆ ಟೈಲ್ಸ್, ಬಿಡಿಬಿಡಿಯಾಗಿ ಸಿಗುತ್ತವೆ. ಅದರಲ್ಲಿ ಯಾರದೋ ಮನೆ ಗೋಡೆಯಿಂದ ಕಿತ್ತು ಕದ್ದವೂ ಇರುತ್ತವೆ. ಹೊಸದಾಗಿ ಬರೆದದ್ದನ್ನೇ ಕೊಳ್ಳಿ. ಸ್ವಿಸ್ ಚಾಕು ಚೆಕ್-ಇನ್ ಬ್ಯಾಗಿಗೆ. ಹಿಮ ಉದುರುವ ಗಾಜಿನ ಬುಡ್ಡಿಯೂ ಅಲ್ಲಿಗೇ. ಅದರೊಳಗಿರುವುದು ನೀರು, ದೊಡ್ಡದಾದರೆ ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ.

ತಲೆ ಲೆಕ್ಕ ಬಿಡಿ ಅಂತ ನಾನು ಹೇಳಲಾರೆ. ನನಗೂ ಅತ್ತೆ ಮನೆ ಇದೆ. ಮಕ್ಕಳಿಗೆ ಚಾಕ್ಲೆಟ್ ಇರಲಿ. ದೊಡ್ಡವರಿಗೆ ತಲೆಗೊಂದು ಮ್ಯಾಗ್ನೆಟ್ ಬದಲು ಮನೆಗೊಂದು ಒಳ್ಳೆ ವಸ್ತು ಸಾಕು. ಕೊಡುವಾಗ ಅದರ ಊರಿನ ಕಥೆಯನ್ನೂ ಹೇಳಿ, ಇಲ್ಲದಿದ್ದರೆ ಎಂ.ಜಿ. ರೋಡಲ್ಲೇ ತಂದಿದ್ದಾನೆ ಅಂದುಕೊಳ್ಳುತ್ತಾರೆ. ಎಷ್ಟಾಯ್ತು ಅಂತ ಕೇಳೇ ಕೇಳುತ್ತಾರೆ. ಯೂರೊದಲ್ಲಿ ಹೇಳಿ ಸುಮ್ನಿರಿ, ರೂಪಾಯಿಗೆ ಅವರೇ ಗುಣಿಸಿಕೊಳ್ಳಲಿ.