ದಿನವೂ ಹೊಸ ವರ್ಷ

ಕಳೆದ ತಿಂಗಳು ನಮ್ಮ ಕಂಪ್ಯೂಟರಿಗೆ ದಿನವೂ ಹೊಸ ವರ್ಷ. ಬೆಳಿಗ್ಗೆ ಸ್ವಿಚ್ ಒತ್ತಿದರೆ ಪರದೆಯ ಮೂಲೆಯಲ್ಲಿ 2009ರ ಜನವರಿ 1. ತಲೆಗೂದಲು ಕಪ್ಪಿದ್ದ ಕಾಲವಲ್ಲವೇ ಎಂದು ನಾನೂ ಸುಮ್ಮನಿದ್ದೆ. ಆದರೆ ಕರೆಂಟ್ ಬಿಲ್ ಕಟ್ಟುವ ಕೊನೆಯ ದಿನ ಬ್ಯಾಂಕಿನ ಪುಟ ತೆರೆಯಲೇ ಇಲ್ಲ; ಸುರಕ್ಷಿತವಲ್ಲ ಎಂದು ಗದರಿತು. ಕಳ್ಳರ ಕೈವಾಡವೆಂದು ಹೆದರಿ ಪಾಸ್‌ವರ್ಡ್ ಬದಲಿಸಲು ಹೋದೆ. ಆ ಪುಟವೂ ಗದರಿತು. ತಾಣ ಅಸಲಿಯೆಂದು ಸಾರುವ ಪ್ರಮಾಣಪತ್ರ ಈ ವರ್ಷದ್ದು, ನನ್ನ ಯಂತ್ರ ಇದ್ದದ್ದು 2009ರಲ್ಲಿ. ಕೂಸು ಹುಟ್ಟುವ ಮುನ್ನ ಹೊಲಿಸಿದ ಕುಲಾವಿಯನ್ನು ಅದು ಹೇಗೆ ನಂಬೀತು?

ರಿಪೇರಿಯ ಹುಡುಗ ಮದರ್‌ಬೋರ್ಡಿನಿಂದ ಯಂತ್ರ ಆರಿಸಿದಾಗಲೂ ಅದರ ಗಡಿಯಾರ ನಡೆಸುವ, ನಾಣ್ಯದಂಥ 3 ವೋಲ್ಟಿನ ಸೆಲ್ ಕಿತ್ತು, "ಸತ್ತಿದೆ ಸಾರ್" ಎಂದ. ಇಂಟರ್‌ನೆಟ್ ನೋಡಿ ತಾನೇ ಸರಿಪಡಿಸಿಕೊಳ್ಳಬಾರದಿತ್ತೇ ಎಂದರೆ, ಅಂತರ ತೀರಾ ಹೆಚ್ಚಿದ್ದರೆ ವಿಂಡೋಸ್ ತಾನಾಗಿ ತಿದ್ದಿಕೊಳ್ಳಲು ಒಪ್ಪುವುದಿಲ್ಲವಂತೆ. ನಮ್ಮ ಬಂಧುಗಳಲ್ಲೂ ಇಂಥವರಿದ್ದಾರೆ.

ಹೊಸ ಸೆಲ್ ಹಾಕಿ, ಇಂಟರ್‌ನೆಟ್‌ನಿಂದ ಸಮಯ ತರಿಸಿ ಹೊಂದಿಸಿದ್ದಾಯಿತು. ಅಪ್ಪ ಕೇಳಿದರು: "ಅಷ್ಟು ದೂರದಿಂದ ಬರುವಷ್ಟರಲ್ಲಿ ಸಮಯ ಹಳಸುವುದಿಲ್ಲವೇನೋ?"

ಒಳ್ಳೆಯ ಪ್ರಶ್ನೆ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಮಿಲ್ಸ್ 1985ರಲ್ಲಿ ಎನ್‌ಟಿಪಿ, ಅಂದರೆ ಕಂಪ್ಯೂಟರುಗಳು ನೆಟ್‌ವರ್ಕಿನ ಮೂಲಕ ಗಡಿಯಾರ ಹೊಂದಿಸಿಕೊಳ್ಳುವ ಪದ್ಧತಿ, ರೂಪಿಸುವಾಗ ತಲೆ ಕೆಡಿಸಿಕೊಂಡದ್ದೂ ಇದಕ್ಕೇ. ನಾನು ಅಪ್ಪನಿಗೆ ಹೀಗೆ ಹೇಳಿದೆ: ಮೈಸೂರಿನ ಯಾದವಗಿರಿಯ ನಮ್ಮ ಮನೆಯಿಂದ, ನಿಮ್ಮ ವಾಚಿನಲ್ಲಿ ಹತ್ತಾದಾಗ, ಮೊಮ್ಮಗನನ್ನು ಮಾರ್ಕೆಟ್ ಬಳಿಯ ಚಿಕ್ಕ ಗಡಿಯಾರದ ಗೋಪುರ ನೋಡಿ ಬರಲು ಕಳಿಸುತ್ತೀರಿ. ಹನ್ನೊಂದಕ್ಕೆ ಬಂದು, ಅಲ್ಲಿ ಹತ್ತು ನಲವತ್ತಾಗಿತ್ತು ಎನ್ನುತ್ತಾನೆ. ಹೋಗಿಬರಲು ಒಂದು ಗಂಟೆ; ಬರುವ ದಾರಿಗೆ ಅದರ ಅರ್ಧ ಸೇರಿಸಿದರೆ ಈಗ ಹನ್ನೊಂದು ಹತ್ತು. ಅಂದರೆ ನಿಮ್ಮ ವಾಚು ಹತ್ತು ನಿಮಿಷ ಹಿಂದೆ.

"ಅವನು ಬರುವಾಗ ಮಾರ್ಕೆಟ್ ಹತ್ತಿರ ಚುರುಮುರಿ ತಿನ್ನುತ್ತಾ ನಿಂತಿದ್ದರೆ?"

ನಿಂತಿದ್ದರೆ ಲೆಕ್ಕ ಕೆಟ್ಟಿತು. ಹೋಗುವ ದಾರಿ, ಬರುವ ದಾರಿ ಸಮವೆಂದೇ ಎನ್‌ಟಿಪಿಯೂ ನಂಬಿರುವುದು. ಒಬ್ಬನ ಮಾತಿಗೇ ಜೋತುಬೀಳದೆ ಸಮಯ ಹೇಳುವ ಹಲವು ಸರ್ವರ್‌ಗಳನ್ನು ಕೇಳಿ ತಾಳೆ ನೋಡುವ ವ್ಯವಸ್ಥೆ ಇರುವುದೂ ಅದಕ್ಕೇ. ನಮ್ಮ ಮೊಮ್ಮಗ ಒಬ್ಬನೇ, ಚುರುಮುರಿಯ ಮೇಲೆ ಅವನಿಗಿರುವ ಪ್ರೀತಿ ಬೀದಿಗೇ ಗೊತ್ತು.

ಮರುದಿನ ಅಪ್ಪ ಸಮಯ ತಾಳೆ ನೋಡಲು ಮೊಬೈಲಿನಲ್ಲಿ ಆಕಾಶವಾಣಿ ಹಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕುಳಿತರು. ನಿಲಯ ನಮ್ಮ ಮನೆಯಿಂದ ಕೂಗಳತೆಯಲ್ಲಿದೆ. ಆದರೆ ಇಂಟರ್‌ನೆಟ್ ಹಾದಿ ಹಿಡಿದ ದನಿ ಎಲ್ಲೆಲ್ಲೋ ಸುತ್ತಿ, ಅಲ್ಲಲ್ಲಿ ತಂಗಿದ್ದು, ಅರ್ಧ ನಿಮಿಷ ತಡವಾಗಿ ಅವರ ಕಿವಿ ಮುಟ್ಟಿತು.

"ನೋಡು, ನಿನ್ನ ಕಂಪ್ಯೂಟರ್ ಈಗ ಮುಂದೆ ಓಡುತ್ತಿದೆ. ಆ ಹುಡುಗನನ್ನು ಮತ್ತೆ ಕರೆಸು."