ಕಸಿ ಆದವರ ಭೇದಿಗೆ ಮೆಂತ್ಯ-ಮೊಸರು ಸಾಲದು

ನಮ್ಮಲ್ಲಿ ಭೇದಿ ಅಂದರೆ ಯಾರೂ ಡಾಕ್ಟರ ಹತ್ತಿರ ಓಡುವುದಿಲ್ಲ. ಮೊಸರಿಗೆ ಒಂದು ಚಮಚ ಮೆಂತ್ಯ, ಅದಕ್ಕೂ ಬಗ್ಗದಿದ್ದರೆ ಮೂಲೆ ಮೆಡಿಕಲ್ಸ್‌ನಲ್ಲಿ ಎರಡು ಮಾತ್ರೆ, ಮಾರನೇ ದಿನ ಕೆಲಸಕ್ಕೆ ಹಾಜರ್. ಗಟ್ಟಿಮುಟ್ಟಾಗಿರುವವರಿಗೆ ಇದು ನಡೆಯುತ್ತದೆ. ಕಿಡ್ನಿ ಕಸಿ ಆದವರಿಗೆ, ಕೀಮೋದಲ್ಲಿರುವವರಿಗೆ, ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗುವವರಿಗೆ ನಡೆಯುವುದಿಲ್ಲ.

ನಮ್ಮ ಭಾವನಿಗೆ ಅಕ್ಕನೇ ಕಿಡ್ನಿ ಕೊಟ್ಟಿದ್ದು. ಮರುವರ್ಷ ಅವರಿಗೆ ಭೇದಿ ಹಿಡಿದುಕೊಂಡಿತು, ವಾರಗಟ್ಟಲೆ ನಿಲ್ಲಲಿಲ್ಲ. ನೆಂಟರದ್ದೆಲ್ಲ ಒಂದೇ ರಾಗ: "ಹೊರಗಡೆ ಏನೋ ತಿಂದಿರಬೇಕು." ಪಾಪ, ಭಾವ ಮದುವೆಮನೆಗೂ ಮನೆಯಿಂದ ಕುದಿಸಿದ ನೀರು ಹೊತ್ತೊಯ್ಯುವ ಮನುಷ್ಯ. ಮಲ ಪರೀಕ್ಷೆ ಮಾಡಿಸಿದರೆ ರಿಪೋರ್ಟ್ ನಾರ್ಮಲ್. ಆ ಮಾಮೂಲಿ ಪರೀಕ್ಷೆಯಲ್ಲಿ ಅಮೀಬಾ ಕಂಡೀತು, ಹುಳುವಿನ ಮೊಟ್ಟೆ ಕಂಡೀತು. ವೈರಸ್ ಕಾಣುವುದಿಲ್ಲ. ಲ್ಯಾಬಿನಲ್ಲಿ ಇದನ್ನು ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಕೊಲೊನೋಸ್ಕೋಪಿ ಮಾಡಿ, ಅಂದರೆ ಕರುಳಿನೊಳಗೆ ಕ್ಯಾಮೆರಾ ನಳಿಕೆ ಇಳಿಸಿ, ಕರುಳಿನ ಹುಣ್ಣಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದ ಮೇಲೆ ಸಿಕ್ಕಿದ್ದು ಸೈಟೊಮೆಗಲೊವೈರಸ್, ಆಸ್ಪತ್ರೆಯವರ ಬಾಯಲ್ಲಿ ಸಿಎಂವಿ. ವೈರಸ್ಸಿನ ಕುರುಹು ಹುಡುಕುವ ರಕ್ತ ಪರೀಕ್ಷೆ ಪಿಸಿಆರ್‌ನಲ್ಲಿ ಅದರ ಸುಳಿವೇ ಇರಲಿಲ್ಲ. ಕರುಳಿಗೆ ಸಿಎಂವಿ ಬಂದಾಗ ಹೀಗೂ ಆಗುತ್ತದೆ. ಡಾಕ್ಟರು ಸ್ಲೈಡಿನ ಫೋಟೋ ತೋರಿಸಿದರು: ಊದಿಕೊಂಡ ಜೀವಕೋಶ, ನಡುವೆ ಕಪ್ಪನೆ ಗುಂಡು, ಅದರ ಸುತ್ತ ತಿಳಿ ಉಂಗುರ, ಥೇಟ್ ಗೂಬೆ ಕಣ್ಣು.

ಈ ವೈರಸ್ ಹೋಟೆಲ್ ಊಟದಿಂದ ಬರಬೇಕಾಗಿಲ್ಲ. ನಮ್ಮ ದೇಶದ ದೊಡ್ಡವರಲ್ಲಿ ಬಹುಪಾಲು ಜನರ ಮೈಯಲ್ಲಿ ಅದು ಚಿಕ್ಕಂದಿನಿಂದಲೇ ತೆಪ್ಪಗೆ ಬಿದ್ದಿರುತ್ತದೆ. ರಿಜೆಕ್ಷನ್ ಆಗದಿರಲಿ, ಅಂದರೆ ಮೈ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲಿ ಎಂದು ಕೊಡುವ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದಾಗ ತಲೆ ಎತ್ತುತ್ತದೆ. ಅಂದಮೇಲೆ ರೋಗಿಯ ನಾಲಿಗೆ ಚಪಲವನ್ನು ಯಾಕೆ ಬೈಯಬೇಕು?

ಎಡವಟ್ಟಾಗುವುದು ಇನ್ನೊಂದು ಕಡೆ. ರಿಜೆಕ್ಷನ್ ತಡೆಯಲು ಕಸಿ ಆದವರು ನುಂಗುವ ಮೈಕೋಫಿನೋಲೇಟ್ ಮಾತ್ರೆಯಿಂದಲೂ ಭೇದಿಯಾಗುತ್ತದೆ. ಹಾಗಾಗಿ "ಆ ಮಾತ್ರೆ ನಿಲ್ಲಿಸಿ ನೋಡಿ, ಸರಿಹೋಗುತ್ತೆ" ಎನ್ನುವ ಪುಕ್ಕಟೆ ಸಲಹೆಗಾರರು ಬೀದಿಗೊಬ್ಬರು. ತಾವೇ ನಿಲ್ಲಿಸಿದರೆ ಕಿಡ್ನಿಗೇ ಸಂಚಕಾರ. ಇತ್ತ ಭೇದಿ ಮುಂದುವರಿದರೆ ನೀರಿನಂಶ ಇಳಿದು, ಕಿಡ್ನಿ ಸೋಲುತ್ತಿದೆಯೆಂದು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತದೆ. ರಿಜೆಕ್ಷನ್ ತಡೆಯುವ ಇನ್ನೊಂದು ಔಷಧಿ ಟ್ಯಾಕ್ರೋಲಿಮಸ್ ಮಟ್ಟವೂ ರಕ್ತದಲ್ಲಿ ಏರಬಹುದು, ಅದೂ ಕಿಡ್ನಿಗೆ ಪೆಟ್ಟೇ. ಯಾವ ಮಾತ್ರೆ ಎಷ್ಟು ಇಳಿಸಬೇಕೆಂಬುದನ್ನು ಕಿಡ್ನಿ ಡಾಕ್ಟರು, ಅಂದರೆ ನೆಫ್ರಾಲಜಿಸ್ಟ್ ಹೇಳಬೇಕು. ಪಕ್ಕದ ಮನೆಯವರಲ್ಲ, ಮೆಡಿಕಲ್ಸ್‌ನವರೂ ಅಲ್ಲ.

ಭಾವನಿಗೆ ಗ್ಯಾನ್‌ಸಿಕ್ಲೋವಿರ್ ಡ್ರಿಪ್ ಹಾಕಿ, ಆಮೇಲೆ ವ್ಯಾಲ್‌ಗ್ಯಾನ್‌ಸಿಕ್ಲೋವಿರ್ ಮಾತ್ರೆ ಬರೆದರು. ವೈರಸ್ಸಿನ ಈ ಔಷಧಿಗಳಿಂದ ಬಿಳಿ ರಕ್ತಕಣ ಇಳಿಯುತ್ತದೆಂದು ಮತ್ತೆ ಮತ್ತೆ ರಕ್ತ ಪರೀಕ್ಷೆ. ಬಿಲ್ಲಿನ ಸುದ್ದಿ ಬೇಡ ಬಿಡಿ.

ಸಿಎಂವಿಗಾದರೂ ಔಷಧಿ ಇದೆ. ನೊರೊವೈರಸ್‌ಗೆ ಅದೂ ಇಲ್ಲ. ನಮಗೆ ಎರಡು ಮೂರು ದಿನ ವಾಂತಿಭೇದಿ ಮಾಡಿಸಿ ಹೋಗುವ ಈ ವೈರಸ್ ಕಸಿ ಆದವರ ಕರುಳಿನಲ್ಲಿ ತಿಂಗಳುಗಟ್ಟಲೆ ಠಿಕಾಣಿ ಹೂಡಬಲ್ಲದು. ನೋಡಲು ಬರುವವರು ಬಾಗಿಲಲ್ಲೇ ಸ್ಯಾನಿಟೈಸರ್ ತಿಕ್ಕಿಕೊಂಡು ಒಳಗೆ ಬರುತ್ತಾರಲ್ಲ, ಈ ವೈರಸ್ಸಿಗೆ ಅದು ಅಷ್ಟಾಗಿ ನಾಟುವುದಿಲ್ಲ. ಸೋಪು ಹಚ್ಚಿ ನೀರಲ್ಲಿ ತೊಳೆಯಬೇಕು. ಭೇದಿ ನಿಂತ ಮೇಲೂ ವಾರಗಟ್ಟಲೆ ವೈರಸ್ ಮಲದಲ್ಲಿ ಹೋಗುತ್ತಿರುತ್ತದೆ. "ಈಗ ಹುಷಾರಾಗಿದ್ದೀನಿ" ಎಂದು ತಿಂಡಿ ಮಾಡಿಕೊಂಡು ಬರುವ ಪ್ರೀತಿಯ ಚಿಕ್ಕಮ್ಮಂದಿರೇ, ದಯವಿಟ್ಟು ಫೋನ್ ಮಾಡಿ, ಅಷ್ಟು ಸಾಕು.

ಆಸ್ಪತ್ರೆಗಳಿಗೂ ಒಂದು ಮಾತು. ಭಾವನ ಡಿಸ್ಚಾರ್ಜ್ ಫೈಲು ಇಷ್ಟು ದಪ್ಪ, ಪೂರ್ತಿ ಇಂಗ್ಲಿಷ್. ಜ್ವರ ಬಂದರೆ ಬನ್ನಿ ಎಂದಿದೆ, ಭೇದಿಯ ಸೊಲ್ಲೇ ಇಲ್ಲ. ಮೊದಲ ಪುಟದಲ್ಲಿ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿ: ಭೇದಿ ಶುರುವಾದರೆ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ, ಅದೇ ದಿನ ಈ ನಂಬರಿಗೆ ಫೋನ್ ಮಾಡಿ. ರಾತ್ರಿ ಹೊತ್ತೂ ಯಾರಾದರೂ ಎತ್ತುವ ನಂಬರ್ ಆಗಿರಲಿ.